ಹಲ್ಲಿಗೆ ಸಿಕ್ಕ ಮರಳು

ಬೆಳಗಿನ ನಾಲ್ಕಕ್ಕೇ ಭಟ್ಟಿ ಹೊತ್ತಿಸುತ್ತಾರೆ ನಮ್ಮ ಓಣಿಯಲ್ಲಿ.
ಹೊಗೆ ಮೊದಲು, ಆಮೇಲೆ ಆಜಾನ್, ಆಮೇಲೆ
ಚರ್ಚಿನ ಗಂಟೆ, ಅದೂ ಹಗ್ಗ ಎಳೆಯುವವ ಎದ್ದಿದ್ದರೆ.
ಹದಿನೇಳು ವರ್ಷದಿಂದ ದಾದಾಪೀರ್ ಸಾಬರ ಭಟ್ಟಿಯಲ್ಲಿ
ಜರಡಿ ಹಿಡಿಯುವವಳು ನಾನು, ಲೂರ್ದಮ್ಮ.
ಚೀಲದ ಲೆಕ್ಕವೂ ನನ್ನದೇ.

ಕಾದ ಮರಳಿಗೆ ಬಿದ್ದ ಅಕ್ಕಿ
ಮೂರು ಎಣಿಸುವುದರೊಳಗೆ ಅರಳಬೇಕು.
ತಡವಾದರೆ ಕರಕು, ಅವಸರಪಟ್ಟರೆ ಅರೆಗಾಳು.
ಆಮೇಲೆ ಜರಡಿ: ಮರಳು ಕೆಳಗೆ, ಮಂಡಕ್ಕಿ ಮೇಲೆ.
ತಲೆಯೊಳಗೆ ಅರಳುವುದಕ್ಕೆ ಮಾತ್ರ
ಎಷ್ಟು ಸಣ್ಣ ಕಣ್ಣಿನ ಜರಡಿ ಬೇಕೋ
ಯಾರೂ ಹೇಳಿಕೊಡಲಿಲ್ಲ.

ತಪಸ್ಸುಕಾಲದ ಎರಡನೇ ಶುಕ್ರವಾರ
ಶಿಲುಬೆ ಹಾದಿ ಮುಗಿದು ಜನ ಚಪ್ಪಲಿ ಹುಡುಕುವಾಗ
ನೋಡಿದೆ: ಜಸಿಂತಮ್ಮನ ಕೈ
ಕಾಣಿಕೆ ತಟ್ಟೆಯಿಂದ ಸೆರಗಿಗೆ ಹೋದದ್ದು.
ಇನ್ನೂರರ ನೋಟು. ಮಡಚಿದ್ದು.
ಅವಳು ನನ್ನನ್ನು ನೋಡಲಿಲ್ಲ.
ಅಥವಾ ನೋಡಿದಳೋ.

ಅವತ್ತು ರಾತ್ರಿ ಒಂದು ಯೋಚನೆ ಬಂತು,
ಬಿಳಿ ಬಟ್ಟೆ ಉಟ್ಟು, ಎಣ್ಣೆ ಹಚ್ಚಿ ಬಾಚಿಕೊಂಡು:
ಸತ್ಯ ಹೇಳು ಲೂರ್ದಮ್ಮ, ಸತ್ಯವೇ ಬಿಡುಗಡೆ,
ಫಾದರಿಗೆ ಹೇಳು, ಎಲ್ಲರೆದುರಿಗೇ ಹೇಳು.
ಎದೆ ಬಿಸಿಯಾಯಿತು. ಪವಿತ್ರಾತ್ಮರ ಬೆಂಕಿಯೇ ಎಂದುಕೊಂಡೆ.
ಅವಳ ಮುಖ ಬಾಡುವುದನ್ನು
ಕತ್ತಲಲ್ಲೇ ಮೂರು ಸಲ ನೋಡಿದೆ,
ನಾಲ್ಕನೇ ಸಲ ನೋಡಲು ಆಸೆಯಾಯಿತು.
ಅಲ್ಲಿ ಸಿಕ್ಕಿತು ಹಲ್ಲಿಗೆ ಮೊದಲ ಹರಳು.

ಮರುದಿನ ಇನ್ನೊಂದು ಬಂತು, ಮೆಲುದನಿಯದು:
ಸುಮ್ಮನಿರು. ಪ್ರೀತಿ ಎಲ್ಲವನ್ನೂ ಮುಚ್ಚುತ್ತದೆ.
ನೀನೇನು ತೀರ್ಪು ಕೊಡುವವಳೇ?
ಎಷ್ಟು ತಂಪು! ಮಧ್ಯಾಹ್ನದ ಊಟ ರುಚಿಸಿತು.
ಸಂಜೆ ಪಿ.ಬಿ. ರಸ್ತೆಯಲ್ಲಿ ಜಸಿಂತಮ್ಮ ಎದುರು ಬಂದಳು,
ನಾನು ಬಳೆ ಅಂಗಡಿಗೆ ನುಗ್ಗಿ
ಬೇಡದ ಒಂದು ಡಜನ್ ಬಳೆ ಕೊಂಡೆ.
ಪ್ರೀತಿಯೇ ಆಗಿದ್ದರೆ ಬಳೆ ಯಾಕೆ ಬೇಕಿತ್ತು?

ಎರಡೂ ವಾಕ್ಯ ಬಲ್ಲವು, ಅದೇ ಕಷ್ಟ.
ಅರಣ್ಯದಲ್ಲಿ ಅವನು ಹೇಳಿದ್ದೂ ವಾಕ್ಯವನ್ನೇ ತಾನೆ.
ಪೇತ್ರನನ್ನು ಕೊಡು, ಜರಡಿ ಹಿಡಿಯುತ್ತೇನೆ ಎಂದವನೂ ಅವನೇ.
ಜರಡಿ ಇಬ್ಬರ ಕೈಯಲ್ಲೂ ಇದೆ, ಸ್ವಾಮಿ,
ಒಳಗೆ ಕುಣಿಯುವ ಕಾಳಿಗೆ ಹೇಗೆ ಗೊತ್ತಾಗಬೇಕು
ಹಿಡಿದವರು ಯಾರೆಂದು?

ನನ್ನ ಅತ್ತೆ ಅರುಳಮ್ಮ, ಓದು ಬಾರದವಳು,
ಮಲಗುವ ಮುಂಚೆ ಜಪಸರ ಕೈಗೆ ಸುತ್ತಿಕೊಂಡು
ದಿನದ ಒಂದೊಂದು ಯೋಚನೆಯನ್ನೂ
ಬಾಗಿಲಿಗೆ ಬಂದ ಅಪರಿಚಿತನ ಹಾಗೆ ವಿಚಾರಿಸುತ್ತಿದ್ದಳು:
"ಎಲ್ಲಿಂದ ಬಂದ್ಯಪ್ಪ? ಎಲ್ಲಿಗೆ ಹೊಂಟಿ?"
ಉತ್ತರ ಕೊಡದೆ ಅವಸರ ಮಾಡಿದ್ದನ್ನು
ಹೊಸಿಲ ಹೊರಗೇ ಬಿಟ್ಟು ಚಿಲಕ ಹಾಕುತ್ತಿದ್ದಳು.
ಆಗ ನಾನು ನಗುತ್ತಿದ್ದೆ.

ಸಾಬರನ್ನು ಕೇಳಿದೆ ಒಂದು ದಿನ, ಮಾತಿಗೆ ಮಾತು ಎಂಬಂತೆ:
ಮರಳೇ ಇಲ್ದಂಗೆ ಹುರಿಯಾಕಾಗಲ್ವಾ?
ಹೊಗೆಗೆ ಕಣ್ಣೊರೆಸಿಕೊಂಡು ಹೇಳಿದರು:
"ಮರಳಿಲ್ದೆ ಅಕ್ಕಿ ಹೆಂಗೆ ಅರಳ್ತೈತವ್ವ?
ಅರಳ್ಸಾಕೆ ಬೇಕು. ತಿನ್ನಾಕೆ ಬ್ಯಾಡ."

ಹಾಗಾದರೆ ನನ್ನ ಸಿಟ್ಟು ಪೂರ್ತಿ ಸುಳ್ಳಲ್ಲ.
ಕಂಡದ್ದು ಕಂಡದ್ದೇ.
ಆದರೆ ಅದನ್ನು ಅವಳ ತಟ್ಟೆಗೆ ಬಡಿಸುವ ಹಾಗಿಲ್ಲ.

ನಾಲ್ಕನೇ ಶುಕ್ರವಾರ ಎರಡು ಸೇರು ಮಂಡಕ್ಕಿ ಕಟ್ಟಿಕೊಂಡು ಹೋದೆ.
ದಾರಿಯುದ್ದಕ್ಕೂ ಎರಡು ದನಿಯೂ ಇರಲಿಲ್ಲ.
ಧೂಳಿತ್ತು, ಬೀಗ ಬಿದ್ದ ಮಿಲ್ಲಿನ ಗೋಡೆಯ ನೆರಳಿತ್ತು,
ಮತ್ತೆ ಇನ್ನೇನೋ, ಯೋಚನೆ ಎನ್ನಲಾಗದ್ದು,
ಅವಸರವಿಲ್ಲದೆ, ನನ್ನನ್ನು ಹೊಗಳದೆ
ಜೊತೆಗೆ ನಡೆಯುತ್ತಿತ್ತು.

"ಸಕ್ಕರೆ ಮುಗದೈತಿ, ಹಂಗೇ ಕುಡೀತೀಯ?" ಎಂದಳು.
ಕುಡಿದೆ. ಒಳಕೋಣೆಯಲ್ಲಿ ಯಾರೋ ಕೆಮ್ಮುತ್ತಿದ್ದರು.
"ನಾನು ನೋಡ್ದೆ ಕಣೆ ಅವತ್ತು."
"ಗೊತ್ತು," ಎಂದಳು. "ಎರಡು ವಾರದಿಂದ
ನಿನ್ನ ಚಪ್ಪಲಿ ಸದ್ದಿಗೇ ಕಾಯ್ತಿದ್ದೆ."

ಆಮೇಲೆ ಇಬ್ಬರೂ ಮಂಡಕ್ಕಿ ತಿಂದೆವು.
ನನ್ನ ಆ ನಾಲ್ಕು ಪದದಲ್ಲಿ
ಒಂದಾದರೂ ಹರಳು ಉಳಿದಿತ್ತೋ ಏನೋ,
ಈಗಲೂ ರಾತ್ರಿ ನಾಲಗೆಯಿಂದ ತಡವುತ್ತೇನೆ.