ಹಾಲಿನ ಲೆಕ್ಕದ ಪುಸ್ತಕ

ಹಸುಗಳನ್ನು ಮಾರಿದ ಮೇಲೂ
ನಾಲ್ಕೂವರೆಗೇ ಎಚ್ಚರ.
ಕೊಟ್ಟಿಗೆ ಖಾಲಿ ಅಂತ ನನಗೆ ಗೊತ್ತು,
ಬೆರಳುಗಳಿಗೆ ಇನ್ನೂ ಗೊತ್ತಿಲ್ಲ.
ಕಾಫಿ ಹಿಡಿದು ಅಡುಗೆಮನೆಯ ಕಿಟಕಿಗೆ ಬಂದರೆ
ವಿಸ್ಕಾನ್ಸಿನ್ನಿನ ಏಪ್ರಿಲ್ಲು, ಗದ್ದೆಯಂಚಿನಲ್ಲಿ ಕೊಳಕು ಹಿಮ,
ಕೆಳಗಿನ ಜೌಗಿನಲ್ಲಿ ಒಣಮರದ ಗಿರಕಿ ತಿರುಗಿಸಿದಂತೆ
ಒಂದು ಕೂಗು,
ಅದು ಮುಗಿಯುವ ಮುಂಚೆ
ಅದರೊಳಗಿಂದಲೇ ಇನ್ನೊಂದು.

ಸಾರಸಗಳು. ಗಂಡು ಒಮ್ಮೆ ಕೂಗಿದರೆ
ಹೆಣ್ಣು ಎರಡು ಸಲ.
‘ಎಲ್ಲರ ಮನೆಯಲ್ಲೂ ಅಷ್ಟೇ’ ಎಂದ ತಮ್ಮ ವರ್ಲಿನ್,
ಮದುವೆಯೇ ಆಗದವನು.

ನಮ್ಮ ನೀರಿನಲ್ಲಿ ಕಬ್ಬಿಣ.
ನಲವತ್ತು ವರ್ಷ ಬಿಳಿ ಹಾಸಿಗೆಬಟ್ಟೆಗಳಿಂದ
ನಾನು ಉಜ್ಜಿ ತೆಗೆಯಲು ಹೆಣಗಿದ ಕಂದು ಕಲೆಯನ್ನು
ಇವು ಕೊಕ್ಕಿನಲ್ಲೆತ್ತಿ ಬೆನ್ನಿಗೆ ಬಳಿದುಕೊಳ್ಳುತ್ತವೆ,
ಬೇಕೆಂದೇ, ಗರಿಗೆ ಗರಿ ಬಿಡದೆ.
ವಾರದೊಳಗೆ ಬೂದುಬಣ್ಣ ಹೋಗಿ
ತುಕ್ಕು ಹಿಡಿದ ಗೇಟಿನ ಬಣ್ಣ.
ಕಾವಿಗೆ ಕೂತಾಗ
ಹೋದ ವರ್ಷದ ಹುಲ್ಲು ಎಲ್ಲಿ ಮುಗಿಯಿತು
ಹಕ್ಕಿ ಎಲ್ಲಿ ಶುರುವಾಯಿತು,
ದುರ್ಬೀನಿಗೂ ತಿಳಿಯದು.

ಹಾಲಿನ ಲೆಕ್ಕದ ಪುಸ್ತಕದಲ್ಲಿ ಹಾಳೆಗಳು ಉಳಿದಿದ್ದವು.
ಗೆರೆ ಎಳೆದೇ ಇತ್ತು: ತಾರೀಖು, ಬೆಳಿಗ್ಗೆ, ಸಂಜೆ, ಷರಾ.
ಬೆಳಗಿನದು ಮಾತ್ರ ನಾನು ತುಂಬಿದೆ.

ಏಪ್ರಿಲ್ ಹತ್ತೊಂಬತ್ತು: ಮೊಟ್ಟೆ ಎರಡು.
ಮೇ ಇಪ್ಪತ್ತು: ಮರಿ.
ಮೇ ಇಪ್ಪತ್ತೊಂದು: ಇನ್ನೊಂದು. ಮೊದಲನೆಯದು ಆಗಲೇ ಈಜುತ್ತಿದೆ.

ಕಾಲಿನ ಉದ್ದ ನೋಡಿ ಇಲ್ಲಿಯ ಜನ
ಸಾರಸದ ಮರಿಗೆ ಕುದುರೆಮರಿ ಎನ್ನುತ್ತಾರೆ.
ನನ್ನ ಬಾಯಿಗೆ ಬಂದದ್ದು ಕರು.
ದೊಡ್ಡ ಕರು ಚಿಕ್ಕದನ್ನು ಕುಕ್ಕುತ್ತದೆ,
ತಾಯಿ ನಡುವೆ ಬಂದು ನಿಲ್ಲುತ್ತದೆ
ಏನೂ ನೋಡದವಳ ಹಾಗೆ, ನಮ್ಮಮ್ಮನ ಹಾಗೆ.

ಮೇ ಮೂವತ್ತು: ಒಂದು.
ಷರಾ ಬರೆಯಲಿಲ್ಲ.
ಕರು ಸತ್ತ ದಿನವೂ ಬರೆಯುತ್ತಿರಲಿಲ್ಲ,
ಖಾಲಿ ಬಿಟ್ಟರೆ ಅಪ್ಪನಿಗೆ ಅರ್ಥವಾಗುತ್ತಿತ್ತು.

ಜೂನಿನ ಮೊದಲ ವಾರ ಹುಲ್ಲು ಸೊಂಟಕ್ಕೆ ಬಂತು.
ಶನಿವಾರ ಮಳೆ ಅಂತ ರೇಡಿಯೋ.
ಹುಲ್ಲು ಕೊಂಡಿದ್ದ ಪ್ರಿಬಿಲ್ಸ್ಕಿ ಎರಡು ಸಲ ಫೋನ್ ಮಾಡಿದ.
‘ಹಕ್ಕಿಗೋಸ್ಕರ ಹುಲ್ಲು ಕೊಳೆಸೋಕಾಗುತ್ತಾ, ಆರ್ಡಿಸ್?’
ಎಂದು ವರ್ಲಿನ್ ಟ್ರ್ಯಾಕ್ಟರ್ ಹತ್ತಿದ.
ನಾನು ಪಾತ್ರೆ ತೊಳೆದೆ. ತೊಳೆದದ್ದನ್ನೇ ತೊಳೆದೆ.

ಮೂರನೆಯ ಸುತ್ತಿಗೆ ಸದ್ದು ನಿಂತಿತು.

ಕಿಟಕಿಯಿಂದ ಕಂಡದ್ದು: ಯಂತ್ರದ ಮುಂದೆ
ಟೋಪಿ ಕೈಯಲ್ಲಿ ಹಿಡಿದು ನನ್ನ ತಮ್ಮ
ಮಂಡಿನೋವಿನ ಕಾಲನ್ನು ಎತ್ತೆತ್ತಿ ಇಡುತ್ತ
ಹುಲ್ಲು ಸರಿಸುತ್ತ ನಡೆಯುತ್ತಿದ್ದ.
ರೆಕ್ಕೆ ಮುರಿದಂತೆ ನಟಿಸುತ್ತ ಗಂಡು ಅವನನ್ನು ಪಕ್ಕಕ್ಕೆ ಕರೆಯಿತು.
ಅವನು ನಂಬಲಿಲ್ಲ.
‘ಕಮ್ ಬಾಸ್,’ ಎಂದ, ‘ಕಮ್ ಬಾಸ್, ಕಮ್ ಬಾಸ್’,
ಸಂಜೆ ಹಸುಗಳನ್ನು ಕೊಟ್ಟಿಗೆಗೆ ಕರೆಯುವ ಅದೇ ರಾಗ.
ಮಾರಿಬಿಡೋಣ ಎಂದು ಹಟ ಹಿಡಿದವನು ಅವನೇ.
ನವೆಂಬರಿನಿಂದ ಆ ರಾಗ ನಾನು ಕೇಳಿರಲಿಲ್ಲ.
ಹುಲ್ಲು ಅಲುಗಿತು. ತುಕ್ಕುಬಣ್ಣದ ಒಂದು ಕಾಲು,
ಆಮೇಲೆ ಇನ್ನೊಂದು.

ಜೌಗಿನ ಬದಿ ಒಂದು ಪಟ್ಟಿ ಕೊಯ್ಯದೆ ಉಳಿಯಿತು.
ಮೆಷಿನ್ನಿನ ಹಲ್ಲು ಮುರಿಯಿತಂತೆ.
ನಾನು ಶೆಡ್ಡಿಗೆ ಹೋಗಿ ಎಣಿಸಲಿಲ್ಲ.

ಆಗಸ್ಟಿನಲ್ಲಿ ಕರು ಹಾರಿತು,
ಇಳಿಯುವುದನ್ನು ಕಲಿಯದೆ ಮುಗ್ಗರಿಸಿತು.
ಜೋಳದ ಕೂಳೆಯಲ್ಲಿ ಅಕ್ಟೋಬರು ಕಳೆಯಿತು.
ನವೆಂಬರ್ ಹದಿನಾಲ್ಕು, ಉತ್ತರದ ಗಾಳಿ,
ಮೂರೂ ಎದ್ದವು, ನೂರಾರರಲ್ಲಿ ಸೇರಿದವು,
ಯಾವುದು ನಮ್ಮದೆಂದು
ಕತ್ತು ನೋಯುವ ತನಕ ಹುಡುಕಿದೆ.

‘ಸೊನ್ನೆ’ ಎಂದು ಬರೆಯಲು ಪುಸ್ತಕ ತೆರೆದರೆ
ಸಂಜೆಯ ಸಾಲು ತುಂಬಿದೆ,
ಜೂನಿನಿಂದ, ಪೆನ್ಸಿಲ್ಲಿನಲ್ಲಿ, ವರ್ಲಿನ್ನನ ಸೊಟ್ಟ ಅಕ್ಷರ:
ಮೂರು. ಮೂರು. ಮೂರು.
ಜುಲೈ ಒಂಬತ್ತಕ್ಕೆ ‘ಎರಡು’, ಅದರ ಮೇಲೆ
ಕಾಗದ ಹರಿಯುವಂತೆ ಗೀಟು,
ಷರಾದಲ್ಲಿ:
ಟಾರ್ಚ್ ತಗೊಂಡು ಹೋಗಿದ್ದೆ. ಹುಲ್ಲಲ್ಲಿ ಮಲಗಿತ್ತು, ಅಷ್ಟೆ.