ಚೀಟಿಯ ಹಿಂಬದಿ

ಡಾಕ್ಟ್ರು ರೌಂಡ್ಸ್ ಮುಗಿಸಿ
ಲಿಫ್ಟಿನ ಬಾಗಿಲು ಮುಚ್ಚಿದ ಮೇಲೆ ನನ್ನ ಕೆಲಸ ಶುರು.
ಮಂಚ ಮಂಚದಿಂದ ಒಂದೇ ಪ್ರಶ್ನೆ, ಮೂರು ನಾಲ್ಕು ಭಾಷೆಯಲ್ಲಿ:
"ದಾದ ಪಂಡೆರ್ ಸಿಸ್ಟರ್?"
ಎಂತ ಹೇಳಿದರು?

ಹೇಳಿದ್ದು ಹೀಗೆ, ಐಸಮ್ಮ:
ಪಾಸಿಟಿವ್ ಅಂದರೆ ಒಳ್ಳೆಯದು ಅಂತಲ್ಲ,
ಹುಡುಕಿದ್ದು ಸಿಕ್ಕಿತು ಅಂತ.
ಆ ಮಿಠಾಯಿ ಪೊಟ್ಟಣ ಸದ್ಯ ಚೀಲದಲ್ಲೇ ಇರಲಿ.
ಕಫದಲ್ಲಿ ಕ್ಷಯ ಉಂಟು, ಆರು ತಿಂಗಳು ಮಾತ್ರೆ,
ಒಂದು ದಿನವೂ ತಪ್ಪಬಾರದು.
ನೆಗೆಟಿವ್ ಬರಲಿ, ಆಗ ಹಂಚುವ.

ಕ್ರಾನಿಕ್ ಅಂದರೆ ಜೋರು ಅಂತಲ್ಲ, ಲಾದ್ರು ಪೊರ್ಬುಗಳೇ,
ಬಾಡಿಗೆಯೂ ಕೊಡದ, ಮನೆಯೂ ಬಿಡದ ಬಿಡಾರದವನು.
ಅಕ್ಯೂಟ್ ಅಂದರೆ ಮದುವೆಗೆ ಬಂದ ನೆಂಟ,
ಗಲಾಟೆ ಜಾಸ್ತಿ, ನಾಲ್ಕು ದಿನ.
ಇಡಿಯೋಪಥಿಕ್? ಅದು ದೊಡ್ಡ ಜನ.
ಬಿಡಿಸಿ ನೋಡಿದರೆ ಒಳಗೆ "ಗೊತ್ತಿಲ್ಲ" ಕೂತಿರುತ್ತದೆ,
ಕೋಟು ಹಾಕಿಕೊಂಡು.

ಏಳನೇ ಮಂಚದ ವಾಮನ ಪುತ್ರನ್
ಎಕೋ ಚೀಟಿಯ ಹಾರ್ಟ್ ಫೇಲ್ಯೂರನ್ನು ತಾವೇ ಕೂಡಿಸಿ ಓದಿ
ಗೋಡೆಗೆ ಮುಖ ಮಾಡಿ ಮಲಗಿದ್ದರು.
ಏಳನೇ ಕ್ಲಾಸಿನಲ್ಲಿ ಫೇಲಾದವರು. ಆ ಶಬ್ದ ಗೊತ್ತು:
ಇನ್ನು ಒಳಗೆ ಬಿಡುವುದಿಲ್ಲ.

ನಿಂತದ್ದಲ್ಲ ಪುತ್ರನ್ರೇ, ಸೋತದ್ದು.
ನಿಮ್ಮ ಬೋಟಿನ ಅಡಿಯಲ್ಲಿ ನೀರೆತ್ತುವ ಪಂಪು ಉಂಟಲ್ಲ,
ಅರುವತ್ತು ಎತ್ತಬೇಕಾದ್ದು ಇಪ್ಪತ್ತೈದೇ ಎತ್ತಿದರೆ
ಉಳಿದ ನೀರು ಎಲ್ಲಿಗೆ ಹೋಗಬೇಕು?
ಕಾಲಿಗೆ. ಶ್ವಾಸಕೋಶಕ್ಕೆ.
ಎದ್ದು ಕೂತರು. "ಇಂಪೆಲ್ಲರ್ ಸವೆದದ್ದು," ಎಂದರು,
"ಡಾಕ್ಟ್ರಿಗೆ ಹೀಗೆ ಹೇಳಲಿಕ್ಕೆ ಎಂತ ಕಷ್ಟ?"
ಅಂದಿನಿಂದ ಉಪ್ಪಿನಕಾಯಿ ಬಿಟ್ಟರು, ಹಪ್ಪಳ ಬಿಟ್ಟರು.
ಒಣಮೀನು ಬಿಟ್ಟೆ ಎಂದದ್ದು ಮಾತ್ರ ಸುಳ್ಳು.

ಎರಡು ವರ್ಷ. ನಾಲ್ಕು ಸಲ ಬಂದು ನಡೆದೇ ಹೋದರು.
ಐದನೇ ಸಲ ಡಾಕ್ಟ್ರು
ಬೇಬಿಯಕ್ಕನನ್ನು ಕಾರಿಡಾರಿಗೆ ಕರೆದು
ತಗ್ಗಿದ ದನಿಯಲ್ಲಿ ಒಂದು ಶಬ್ದ ಹೇಳಿ ಹೋದರು:
ಪ್ಯಾಲಿಯೇಟಿವ್.

ಬೇಬಿಯಕ್ಕ ಸ್ಟೇಟ್‌ಬ್ಯಾಂಕ್ ಮಾರ್ಕೆಟಿನಲ್ಲಿ ಬಂಗುಡೆ ಮಾರುವವರು.
ನೇರ ನನ್ನ ಮೇಜಿಗೆ ಬಂದರು:
"ಆ ಮಾತ್ರೆ ಹಂಪನಕಟ್ಟೆಯಲ್ಲಿ ಸಿಗ್ತದಾ?
ಎಷ್ಟಾಗ್ತದೆ?"
ಸೆರಗಿನ ಗಂಟು ಬಿಚ್ಚುತ್ತಿದ್ದರು.

ಪಂಪು, ಎಂದೆ. ಮುಂದೆ ಹೋಗಲಿಲ್ಲ.
ಬೋಟು, ದಕ್ಕೆ, ಅಳಿವೆ, ಎಲ್ಲ ಬಾಯಿಯವರೆಗೆ ಬಂದವು,
ಆ ಗಂಟಿನ ಎದುರು ಖೋಟಾ ನೋಟಿನ ಹಾಗೆ ಕಂಡವು.
ಮಾತ್ರೆ ಅಲ್ಲ ಬೇಬಿಯಕ್ಕ.
ಇನ್ನು ಗುಣ ಮಾಡಲಿಕ್ಕೆ ಆಗುವುದಿಲ್ಲ.
ನೋವಾಗದ ಹಾಗೆ, ಉಸಿರು ಕಟ್ಟದ ಹಾಗೆ,
ಹೆದರದ ಹಾಗೆ ನೋಡಿಕೊಳ್ಳುವುದು.
ಅದರ ಹೆಸರು ಅದು.

ಗಂಟನ್ನು ಮತ್ತೆ ಕಟ್ಟಿದರು. ನಿಧಾನಕ್ಕೆ.
"ಮೂವತ್ತೊಂದು ವರ್ಷ ಅದನ್ನೇ ಮಾಡಿದ್ದು ನಾನು.
ಅದಕ್ಕೊಂದು ಇಂಗ್ಲಿಷ್ ಉಂಟು ಅಂತ ಗೊತ್ತಿರಲಿಲ್ಲ."

ಬರೆದು ಕೊಡಿ, ಎಂದರು.
ಚೀಟಿಯ ಹಿಂಬದಿ ಕನ್ನಡದಲ್ಲಿ ಬರೆದೆ, ದೊಡ್ಡ ಅಕ್ಷರ.
ಬೆರಳಿಟ್ಟು ಓದಿದರು,
ಉಗುರಿನ ಸಂದಿಯಲ್ಲಿ ಮೀನಿನ ಹುರುಪೆ ಮಿನುಗುವ ಬೆರಳು.
ಪ್ಯಾ. ಲಿ. ಯೇ.
ಅಲ್ಲಿಗೇ ನಿಂತು ತಲೆಯೆತ್ತಿ ಕೇಳಿದರು:
"ರಾತ್ರಿ ಗಂಜಿಗೆ ಒಂದು ಚಿಟಿಕೆ
ಒಣ ಸಿಗಡಿ ಚಟ್ನಿ ಕೊಡಬಹುದಾ?"

ಉಪ್ಪಿನ ಲೆಕ್ಕ ನನಗೆ ಬಾಯಿಪಾಠ.
ಕೊಡಿ, ಎಂದೆ.