ಬೇಳದ ಪದವಿನಲ್ಲಿ, ನೊವೇನಾದ ಏಳನೆಯ ದಿನ

ಮಳೆ ಹೊಳವಾದ ಬೆಳಿಗ್ಗೆ ಪದವಿಗೆ ಹೋದೆವು:
ದೊತೊರ್ನಿನ ಹನ್ನೊಂದು ಮಕ್ಕಳು, ಹನ್ನೊಂದು ಬುಟ್ಟಿ,
ಹಿಂದಿನಿಂದ ಮಂಡಿನೋವಿನ ನಾನು.
ಮುರಕಲ್ಲಿನ ಮೈಮೇಲೆ ಒಂದಂಗುಲ ನೀರು,
ನೀರಿನ ಮೇಲೆ ಒಂದು ಗೇಣು ನೀಲಿ.
ಬೇಸಗೆಯಲ್ಲಿ ಇಲ್ಲಿ ಚಪ್ಪಲಿ ಕರಗುತ್ತದೆ.
ಈಗ ಯಾರೋ ಆಕಾಶವನ್ನು ಒಗೆದು ಹರವಿದ ಹಾಗೆ.

"ಮೊರಿಯಾ ಬಾಳ್ಶಿಗೆ ಇಷ್ಟು ಸಾಕಾ ಟೀಚರ್?"
ಸಾಲದು, ಇನ್ನೂ ಕೊಯ್ಯಿರಿ, ಅಂದೆ.

ಆಮೇಲೆ ಫ್ಲೇವಿ ಕೂತಲ್ಲೇ ಕೂತಳು.
ಹುಲ್ಲಿನ ನಡುವೆ ಬೆರಳುದ್ದದ ಕೆಂಪು ಗಿಡ,
ಕೂದಲು ಕೂದಲಿಗೂ ಒಂದು ಹನಿ,
ಹನಿ ಹನಿಯೊಳಗೂ ಒಂದು ಸೂರ್ಯ.
ಅಂಥ ಕಿರೀಟ ನಮ್ಮ ಇಗರ್ಜಿಯ ಯಾವ ಸಂತನಿಗೂ ಇಲ್ಲ.
ಅದರಲ್ಲಿ ಸಿಕ್ಕಿಕೊಂಡಿತ್ತು
ನೂಲಿನಷ್ಟು ತೆಳ್ಳಗಿನ ಏರೋಪ್ಲೇನ್ ಚಿಟ್ಟೆ.
ಒಂದು ರೆಕ್ಕೆ ಇನ್ನೂ ಬಡಿಯುತ್ತಿತ್ತು.
ಬಡಿದಷ್ಟೂ ಕೂದಲುಗಳು ಬಾಗಿದವು, ಮೆಲ್ಲಗೆ,
ತೊಟ್ಟಿಲ ಕೂಸಿಗೆ ಹೊದಿಕೆ ಎಳೆಯುವ ಹಾಗೆ.

"ಇದನ್ನೂ ದೇವರೇ ಮಾಡಿದ್ದಾ?"

ಹೋದ ವಾರವಷ್ಟೇ ಕಲಿಸಿದ್ದೆ:
ಮಾಡಿದ್ದನ್ನೆಲ್ಲ ನೋಡಿದನು, ಬಹಳ ಒಳ್ಳೆಯದಾಗಿತ್ತು.
ಎವ್ಜಿನನಿಗೆ ಶಾಲೆಯ ಜಾಣತನ.
"ನೀಲಿ ಹೂವೂ ಹಾಗೇ ಟೀಚರ್, ಬೇರಲ್ಲಿ ಚೀಲ ಉಂಟು,
ಕಣ್ಣಿಗೆ ಕಾಣದ ಹುಳಗಳನ್ನು ಒಳಗೆಳೆದು ತಿನ್ನುತ್ತದೆ."
ಹನ್ನೊಂದು ಬುಟ್ಟಿಗಳೂ ಸುಮ್ಮನಾದವು.

ಲಾದ್ರು,
ನಿನ್ನನ್ನು ಇಲ್ಲಿಗೆ ತರಬಾರದು ಎಂದುಕೊಂಡೇ
ಪ್ರತಿವರ್ಷ ಬರುತ್ತೇನೆ.
ಅರವತ್ತೆಂಟನೆಯ ಇಸವಿ. ನಿನಗೆ ಎಂಟು, ನನಗೆ ಹನ್ನೊಂದು.
ಇದೇ ನೀಲಿಗೆ ಕೈ ಹಾಕಿದ್ದೆ ನೀನು.
ಕನ್ನಡಿ ಹಾವು. ಮೈತುಂಬ ಸರಪಳಿ ಸರಪಳಿ,
ಅಜ್ಜಿಯ ತೇರ್ಸದ ಮಣಿಗಳಿಗಿಂತ ಒಪ್ಪವಾಗಿ ಪೋಣಿಸಿದ್ದು.
ನಾನು ಮೊದಲೇ ನೋಡಿದ್ದೆ.
ಕೂಗುವ ಮುಂಚೆ, ಒಂದು ಉಸಿರಿನಷ್ಟು ಹೊತ್ತು,
ಚಂದ ಅಂದುಕೊಂಡೆ.
ಅದನ್ನು ಯಾವ ಕುಮ್ಸಾರಿನಲ್ಲೂ ಹೇಳಿಲ್ಲ.

ಕುಂಬಳೆಯ ತನಕ ಮಂಚದಲ್ಲಿ ಹೊತ್ತರು, ಬರಿಮಂಚ ಅಲ್ಲ, ಹಾಗೆಯೇ ತಂದರು.
ಲಾದ್ರು ಎಂದರೆ ಲಾಜರ, ನಾಲ್ಕನೆಯ ದಿನ ಎದ್ದವನ ಹೆಸರು.
ನಾಲ್ಕನೆಯ ದಿನ ಹೋಗಿ ನೋಡಿದೆ. ಐದನೆಯ ದಿನವೂ.
ಎಂಟನೆಯ ದಿನ ಎದ್ದಿತ್ತು
ಹುಲ್ಲು. ಹುಲ್ಲು ಮಾತ್ರ.

ಆದಾಮನ ಪಾಪ, ಹಾವಿಗೆ ಶಾಪ, ಅಂದಿದ್ದರು ಆಗಿನ ಪಾದ್ರಿ.
ಈ ಗಿಡ ಯಾರ ತೋಟದ ಹಣ್ಣು ಕದ್ದಿತ್ತು?
ಬಡಕಲು ಕಲ್ಲಿನಲ್ಲಿ ಅದಕ್ಕೆ ಮಣ್ಣಿಲ್ಲ, ಸಾರವಿಲ್ಲ,
ಮೂರು ತಿಂಗಳ ಮಳೆ ಬಿಟ್ಟರೆ ಬೇರೆ ಆಸ್ತಿಯಿಲ್ಲ.
ಹಸಿವುಂಟು. ಆ ಹಸಿವಿಗೆ
ಯಾರೋ ಇಬ್ಬನಿ ಉಡಿಸಿದ್ದಾರೆ.

ಉತ್ತರ ನನ್ನಲ್ಲಿಲ್ಲ, ಫ್ಲೇವಿ.
ಇಷ್ಟು ಗೊತ್ತು: ಭಾನುವಾರ ನಾನು ನಾಲಿಗೆ ಚಾಚಿದಾಗ
ಅದರ ಮೇಲೆ ಇಡುವುದು ಒಂದು ದೇಹ.
ತಿನ್ನುವ ಈ ಲೋಕವನ್ನು ಮಾಡಿದವನು
ಒಂದು ರಾತ್ರಿ, ಊಟದ ಹೊತ್ತಿಗೆ,
ಎದ್ದು ಬಂದು ತಟ್ಟೆಯ ಕಡೆಗೆ ಕೂತ.
ಅದರಿಂದ ಲಾದ್ರು ಬರಲಿಲ್ಲ.
ಚಿಟ್ಟೆ ಬಿಡಿಸಿಕೊಳ್ಳಲಿಲ್ಲ.
ಆ ಅಂಟಿನಲ್ಲಿ ಅದು ಒಂಟಿಯಲ್ಲ ಎಂದು ನಂಬುತ್ತೇನೆ,
ಕೆಲವು ದಿನ.

ಇದೊಂದನ್ನೂ ಬಾಯಿಬಿಟ್ಟು ಹೇಳಲಿಲ್ಲ.
ಬಿಸಿಲೇರಿತು, ನಡೆಯಿರಿ, ಅಂದೆ.

ಸಂಜೆ ಇಗರ್ಜಿಯಲ್ಲಿ ಹೂವೆರಚಿದರು.
ಮೇಲೆ ಪೀಠದಲ್ಲಿ ವ್ಯಾಕುಲ ಮಾತೆ, ಎದೆಯಲ್ಲಿ ಕತ್ತಿ.
ಕೆಳಗೆ ತೊಟ್ಟಿಲಲ್ಲಿ ಅವಳೇ, ಮೊಳದುದ್ದದ ಕೂಸು;
ಅವಳ ಕತ್ತಿ ಇನ್ನೂ ಯಾವುದೋ ಮುರಕಲ್ಲಿನೊಳಗೆ
ಕಬ್ಬಿಣವಾಗಿ ಮಲಗಿದೆ.
ಕೊನೆಗೆ ಫ್ಲೇವಿ ಬುಟ್ಟಿ ಬೋರಲು ಹಾಕಿದಳು.
ನೀಲಿ, ಬಿಳಿ, ನಡುವೆ ಬೇರುಸಹಿತ ಒಂದು ಕೆಂಪು,
ಹನಿ ಆರಿಲ್ಲ, ರೆಕ್ಕೆ ಅಂಟಿಕೊಂಡೇ ಉಂಟು.
ಕೂಸಿನ ಕೆನ್ನೆಯ ಹತ್ತಿರ ಬಿತ್ತು.

ಗುರ್ಕಾರ ಇನಾಸ ತೆಗೆಯಲು ಕೈ ಚಾಚಿದ.
ಇರಲಿ ಬಿಡು, ಅಂದೆ.